ಮುಂದೆ ನಿಂತವರ ಸಂಜೆ

ತಿದ್ದುಪಡಿ ಇದ್ದದ್ದು ನಲವತ್ತೇಳು ಸಾಲು. ಅದನ್ನು ಓದಿ ಸಹಿ ಹಾಕಲು ನಾನು ಹನ್ನೊಂದು ದಿನ ತೆಗೆದುಕೊಂಡೆ. ಕಚೇರಿಯಲ್ಲಿ ಕೆಲವರು ಇದನ್ನು ನನ್ನ ಸೋಮಾರಿತನ ಎಂದರು, ಕೆಲವರು ಧಿಮಾಕು ಎಂದರು. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಆ ಹನ್ನೊಂದು ದಿನ ನನಗೆ ತಲೆಬುಡ ಒಂದೂ ತಿಳಿಯುತ್ತಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನಿಜ.

ನಮ್ಮ ಊರಿನಲ್ಲಿ ಬೆಳಗಾಗೆದ್ದು ಎಲ್ಲರೂ ಮಾಡುವ ಮೊದಲ ಕೆಲಸ ನಿನ್ನೆಯನ್ನು ತರಲು ಹೋಗುವುದು. ರಾತ್ರಿ ಕಣ್ಣು ಮುಚ್ಚಿದೊಡನೆ ಆ ದಿನ ನಮ್ಮನ್ನು ಬಿಟ್ಟು ನಿನ್ನೆ ಕಚೇರಿಯ ಯಂತ್ರದೊಳಗೆ ಹೋಗಿ ಕೂರುತ್ತದೆ. ಬೆಳಿಗ್ಗೆ ನಮ್ಮ ನಮ್ಮ ಓಣಿಯ ಕಿಟಕಿಯ ಮುಂದೆ ಸಾಲು ನಿಂತು, ಹಿತ್ತಾಳೆ ತಟ್ಟೆಯ ಮೇಲೆ ಅಂಗೈ ಇಟ್ಟರೆ ವಾಪಸು ಬರುತ್ತದೆ. ಒಮ್ಮೆ ಬಂದದ್ದು ಮತ್ತೆ ಹೋಗುವುದಿಲ್ಲ. ತರಲು ಹೋಗದಿದ್ದರೆ ಬಾಳಿನಲ್ಲಿ ಆ ಒಂದು ದಿನ ಇಲ್ಲ, ಅಷ್ಟೆ. ಜ್ವರದಲ್ಲಿ ಮಲಗಿದವರು, ಬೀಗರ ಮನೆಗೆ ಹೋಗಿ ಉಳಿದವರು ಹೀಗೆ ಅಲ್ಲೊಂದು ಇಲ್ಲೊಂದು ದಿನ ಕಳೆದುಕೊಂಡಿರುತ್ತಾರೆ. ಅದಕ್ಕೆ ಯಾರೂ ಅಳುವುದಿಲ್ಲ. ಕೆಲವರು ಬೇಕೆಂದೇ ಕಳೆದುಕೊಳ್ಳುವುದೂ ಉಂಟು.

ಸಾಲಿಗೆ ಒಂದು ಕ್ರಮವಿದೆ. ಯಾರ ಹಿಂದೆ ಯಾರು ಎಂಬುದು ಅಜ್ಜಂದಿರ ಕಾಲದಿಂದ ಬಂದದ್ದು. ಮದುವೆಯಾದ ಹೊಸತರಲ್ಲಿ ಹೆಂಡತಿ ಗಂಡನ ಹಿಂದೆ ನಿಲ್ಲಬೇಕು, ವರ್ಷ ತುಂಬಿದ ಮೇಲೆ ಗಂಡ ಹೆಂಡತಿಯ ಹಿಂದೆ. ಅತ್ತೆ ಸೊಸೆಯ ಹಿಂದೆಯೇ ನಿಲ್ಲುತ್ತಾಳೆ, ಯಾವ ಕಾರಣಕ್ಕೂ ಮುಂದೆ ನಿಲ್ಲುವುದಿಲ್ಲ. ಯಾಕೆ ಎಂದು ಕೇಳಿದರೆ ಹಿರಿಯರು, ‘ಪದ್ಧತಿ’ ಎಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ‘ಹಿಂದೆ ನಿಂತವನಿಗೆ ಎಲ್ಲಾ ಗೊತ್ತು’ ಎಂದು ನಮ್ಮಲ್ಲಿ ಗಾದೆಯೇ ಇತ್ತು. ಗಾದೆಯನ್ನು ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ನಾನಂತೂ ಹಾಕಿಕೊಂಡಿರಲಿಲ್ಲ, ಅದೂ ಅದೇ ಯಂತ್ರದ ಕೆಲಸದವಳಾಗಿ.

ನಮ್ಮ ಸಾಲಿನಲ್ಲಿ ನನ್ನ ಮುಂದೆ ತಿಪ್ಪಣ್ಣ ಪತ್ತಾರರು, ನನ್ನ ಹಿಂದೆ ಗಾಲಿ ಕುರ್ಚಿಯಲ್ಲಿ ನನ್ನ ಅಕ್ಕ ನೀಲಕ್ಕ. ತಿಪ್ಪಣ್ಣನವರು ಸಾಲಿನ ಗಮ್ಮತ್ತಿನ ಮನುಷ್ಯ. ಅರ್ಧ ತಾಸು ನಿಂತ ದಣಿವು ಅವರ ಮಾತಿನಲ್ಲಿ ಗೊತ್ತಾಗುತ್ತಿರಲಿಲ್ಲ. ಅವರ ಹೆಂಡತಿ ಎಷ್ಟೋ ವರ್ಷದಿಂದ ಸಾಲಿಗೆ ಬಂದವರಲ್ಲ. ಯಾಕೆ ಎಂದರೆ, “ನಮ್ಮಾಕಿ ದಿನಾ ಮುಂಜಾನೆ ಹೊಸಾ ಮದಲಗಿತ್ತಿ ಆಗಿ ಏಳ್ತಾಳವ್ವಾ, ನಾ ಯಾಕ ಕೆಡಸ್ಲಿ?” ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಅಕ್ಕನಿಗೆ ನಾಲ್ಕು ವರ್ಷದ ಹಿಂದೆ ಲಕ್ವ ಹೊಡೆದು ಎಡಗಡೆ ಪೂರ್ತಿ ಹೋಯಿತು. ಮಧ್ಯಾಹ್ನ ಹನ್ನೆರಡಕ್ಕೆ ಅವಳಿಗೆ ಒಂದು ಮಾತ್ರೆ. ಅದನ್ನು ನುಂಗಿದಳೆಂದರೆ ಮಂಪರು. ಸಂಜೆ ನಾನು ಮನೆಗೆ ಬಂದು ಎಬ್ಬಿಸಿ ಗಂಜಿ ಕುಡಿಸಿದರೂ ಅವಳಿಗೆ ಅದು ತಿಳಿಯುವುದಿಲ್ಲ, ಯಂತ್ರವೂ ಅದನ್ನು ಬರೆದುಕೊಳ್ಳುವುದಿಲ್ಲ. ಅವಳ ದಿನ ಹನ್ನೆರಡಕ್ಕೆ ಮುಗಿದ ಹಾಗೆ. ಮದುವೆ ನನಗೆ ಆಗಲಿಲ್ಲ, ಅವಳಿಗೆ ಆಗಿ ಉಳಿಯಲಿಲ್ಲ. ಹೀಗಾಗಿ ಮನೆಯಲ್ಲಿ ನಾವಿಬ್ಬರೇ.

ಇನ್ನು ನನ್ನ ಕೆಲಸ. ನಿನ್ನೆಗಳನ್ನು ತುಂಬಿಡುವ ಆ ಯಂತ್ರ ಹಳೆಯದು, ಅಲಮಾರಿಯಷ್ಟು ದೊಡ್ಡದು, ತನ್ನ ಭಾಷೆ ಬಿಟ್ಟು ಬೇರೆ ಮಾತಾಡದು. ಅದರ ಹತ್ತಿರ ಮಾತಾಡಿ ನಿನ್ನೆಗಳನ್ನು ಹೊರಗೆ ತರಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆದವರು ಸತ್ತು ಎಷ್ಟೋ ವರ್ಷವಾಗಿದೆ. ಅದರಲ್ಲಿ ಯಾರಾದರೂ ಒಂದು ಸಾಲು ಬದಲಾಯಿಸಿದರೂ ಇನ್ನೊಬ್ಬರು ಕೂತು ಓದಿ, ಸರಿ ಇದೆ ಎಂದು ಸಹಿ ಹಾಕಬೇಕು. ಆ ಇನ್ನೊಬ್ಬಳು ನಾನು. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡಿದ್ದೇನೆ.

ಈ ಸಲ ಬದಲಾವಣೆ ಬರೆದವನು ಅಡಿವೆಪ್ಪ. ನನಗಿಂತ ಹತ್ತು ವರ್ಷ ಚಿಕ್ಕವನು, ಹಟಮಾರಿ, ಕೆಲಸಗಾರ. ಅದಕ್ಕೆ ಕಾರಣ ಹೊಲಿಗೆಯ ಗಂಗೂಬಾಯಿ ಕೊಟ್ಟ ಒಂದು ಅರ್ಜಿ. ಗಂಗೂಬಾಯಿ ಒಂದು ಸಂಜೆ ಡಾಕ್ಟರ ಹತ್ತಿರ ಹೋಗಿದ್ದಳು. ಎದೆಯಲ್ಲಿ ಗಂಟಿದೆ, ಒಳ್ಳೆಯದಲ್ಲ ಎಂದು ಅವರು ಹೇಳಿದರು. ಮನೆಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತ ಅವಳು ಮಲಗಿದಳು. ಮರುದಿನ ಬೆಳಿಗ್ಗೆ ಸಾಲಿನಲ್ಲಿ ಅವಳು ತನ್ನ ನಿನ್ನೆ ತೆಗೆದುಕೊಂಡು ಬದಿಗೆ ಸರಿದಳು. ಅವಳ ಹಿಂದೆ ನಿಂತಿದ್ದ ಅತ್ತೆ ತಟ್ಟೆಯ ಮೇಲೆ ಕೈ ಇಟ್ಟವಳೇ ಬಾಯಿ ಬಡಿದುಕೊಂಡು ಅಳತೊಡಗಿದಳು. ಓಣಿಗೆ ಓಣಿಯೇ ಕೇಳಿತು. ‘ನನ್ನ ಸುದ್ದಿ ನನ್ನ ಬಾಯಿಂದ ಹೋಗಬೇಕಾಗಿತ್ತು’ ಎಂದು ಅರ್ಜಿಯ ಕೊನೆಯಲ್ಲಿ ಗಂಗೂಬಾಯಿ ಬರೆದಿದ್ದಳು. ಕಚೇರಿಯ ಎಲ್ಲರೂ ಅದನ್ನು ಓದಿ ತಲೆ ತಗ್ಗಿಸಿದರು.

ಅಡಿವೆಪ್ಪ ಮೂರು ದಿನ ಕೂತು ಕಾರಣ ಕಂಡುಹಿಡಿದ. ಯಂತ್ರದಿಂದ ಬಂದ ನಿನ್ನೆ ನೇರವಾಗಿ ಮನುಷ್ಯರ ಕೈಗೆ ಹೋಗುವುದಿಲ್ಲ, ನಡುವೆ ಒಂದು ಬಫರಿನಲ್ಲಿ ಕ್ಷಣ ಹೊತ್ತು ನಿಲ್ಲುತ್ತದೆ. “ಹುಡುಗರು ಬಳಪದಲೆ ಬರಿಯೋ ಪಾಟಿ ಇದ್ದಂಗ ಅಕ್ಕಾರ” ಎಂದು ಅವನು ನನ್ನ ಮೇಜಿನ ಮೇಲೆ ಬಳಪದಲ್ಲಿ ಗೀಚಿ ತೋರಿಸಿದ. “ಮೊದಲನೇದಾಂವ ಹತ್ತು ಸಾಲು ಬರದ. ಎರಡನೇದಾಂವ ಬಂದು ಒರಸಲಾರದ ಅದರ ಮ್ಯಾಲೇ ಆರು ಸಾಲು ಬರದ. ಕೆಳಗಿನ ನಾಕು ಸಾಲು ಯಾರ್ವು? ಮೊದಲನೇದಾಂವನ್ವು. ನಮ್ಮ ಡ್ರೈವರ್ ಪಾಟಿ ತುಂಬ ಇದ್ದದ್ದೆಲ್ಲಾ ಎತ್ತಿ ಕೊಟ್ಟು ಬಿಡ್ತೈತಿ. ಯಾರ ದಿನ ಸಣ್ಣದೋ ಅವರಿಗೆ ಮುಂದ ನಿಂತವರ ಸಂಜಿ ಬೋನಸ್.” ಗಂಗೂಬಾಯಿಯ ಅತ್ತೆ ದೀಪ ಹಚ್ಚುವ ಹೊತ್ತಿಗೆ ಮಲಗುವವಳು. ಅದಕ್ಕೇ ಸೊಸೆಯ ಡಾಕ್ಟರು ಅವಳಿಗೆ ಬಂದಿದ್ದರು.

ನಲವತ್ತೇಳು ಸಾಲಿನಲ್ಲಿ ಅಡಿವೆಪ್ಪ ಮಾಡಿದ್ದು ಇಷ್ಟೇ: ಒಬ್ಬೊಬ್ಬರದು ಕೊಟ್ಟಾದ ಮೇಲೆ ಪಾಟಿ ಒರೆಸುವುದು, ಎಷ್ಟು ಬರೆದಿದೆಯೋ ಅಷ್ಟನ್ನೇ ಕೊಡುವುದು. ಎಷ್ಟು ಸರಳ! ಆದರೆ ಹಳೆಯ ಪ್ರೋಗ್ರಾಮಿನಲ್ಲಿ ಆ ಜಾಗದಲ್ಲಿಯೇ ಸತ್ತವರು ಯಾರೋ ಒಂದು ಟಿಪ್ಪಣಿ ಬರೆದಿಟ್ಟಿದ್ದರು: ‘ಒರೆಸುವುದು ಬೇಡ. ಯೋಚಿಸಿಯೇ ಬಿಟ್ಟದ್ದು.’ ಹೆಸರಿಲ್ಲ, ತಾರೀಖಿಲ್ಲ. ಏನು ಯೋಚಿಸಿದ್ದರು, ಯಾಕೆ ಬಿಟ್ಟರು? ನಾನು ಆ ಸಾಲನ್ನು ದಿನಕ್ಕೆ ಹತ್ತು ಸಲ ಓದಿದೆ. ಮರೆತು ಬಿಟ್ಟದ್ದಾಗಿದ್ದರೆ ತಿದ್ದಬಹುದಿತ್ತು. ಯೋಚಿಸಿ ಬಿಟ್ಟದ್ದನ್ನು ಏನು ಮಾಡುವುದೆಂದು ನನಗೆ ಯಾರೂ ಕಲಿಸಿರಲಿಲ್ಲ.

ಎರಡನೆಯ ದಿನದ ಬೆಳಿಗ್ಗೆ ಸಾಲಿನಿಂದ ಅಕ್ಕನ ಕುರ್ಚಿ ತಳ್ಳಿಕೊಂಡು ಬರುತ್ತಿದ್ದೆ. ದಾರಿಯಲ್ಲಿ ಅವಳು ಸುಮ್ಮನೆ ಇದ್ದವಳು, “ಆ ಅಡಿವೆಪ್ಪ ಶಾಣ್ಯಾ ಅದಾನ. ಪಾಟಿದು ಛಲೋ ತಿಳಿಸಿ ಹೇಳ್ದ” ಎಂದಳು.

ನಾನು ಕುರ್ಚಿ ನಿಲ್ಲಿಸಿದೆ. ಅಡಿವೆಪ್ಪ ಪಾಟಿಯ ವಿಷಯ ಹೇಳಿದ್ದು ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ನನ್ನ ಮೇಜಿನ ಹತ್ತಿರ. ಅಕ್ಕ ಆಗ ಮನೆಯಲ್ಲಿ ಮಂಪರಿನಲ್ಲಿದ್ದಳು. ನಾನು ಅವಳಿಗೆ ಹೇಳಿಯೂ ಇರಲಿಲ್ಲ.

“ನಿನಗ ಹೆಂಗ ಗೊತ್ತು?” ಎಂದೆ. ಕೇಳಿದ ಮೇಲೆ ಉತ್ತರ ತಾನಾಗಿಯೇ ಹೊಳೆಯಿತು.

“ನಾಕು ವರ್ಷ ಆತು ಬರಾಕತ್ತಿ” ಎಂದಳು ಅಕ್ಕ. “ಹನ್ನೆರಡರ ತನಕ ನಂದು. ಅದರ ಮುಂದ ನಿಂದು. ನಿನ್ನ ಆಫೀಸು, ನಿನ್ನ ಚಾ, ನೀ ಮಂದೀಗೆ ಬೈಯೋದು. ಆಮ್ಯಾಲೆ ಸಂಜಿಮುಂದ ಕೆರಿ ಏರಿ. ನಾ ಹೇಳಲಿಲ್ಲ. ಹೇಳಿದ್ರ ನೀ ತಗಸ್ತಿದ್ದಿ.”

ಕೆರೆ ಏರಿ ಎಂಬ ಮಾತು ಕೇಳಿ ನಾನು ಕುರ್ಚಿಯ ಹಿಡಿ ಬಿಟ್ಟೆ. ಸಂಜೆ ನಾನು ಏರಿಯ ಮೇಲೆ ಕಲ್ಲಿನ ಮೇಲೆ ಕೂರುವುದು, ನೀರು ನೋಡುವುದು, ಶೇಂಗಾ ತಿನ್ನುವುದು ನನ್ನ ಏಕೈಕ ಸುಖ. ಆದರೆ ಅಲ್ಲಿ ಕೂತು ನಾನು ಆಡಿದ ಮಾತುಗಳೂ ಇದ್ದವು. ಯಾರಿಗೂ ಅಲ್ಲ, ನೀರಿಗೆ. ‘ಮನ್ಯಾಗಿನ ಆ ಜೀವ ಒಮ್ಮೆ ಬಿಡುಗಡಿ ಆಗಿದ್ರ ಸಾಕಾಗಿತ್ತು.’ ‘ದೇವರ ಕಣ್ಣು ಎಲ್ಲಿ ಕುಂತಾವ?’ ‘ಇನ್ನ ಆಗೂದಿಲ್ಲ ನನ್ನ ಕೈಲೆ.’ ನಾಲ್ಕು ವರ್ಷದಲ್ಲಿ ಎಷ್ಟು ಸಲವೋ. ಬೆಳಿಗ್ಗೆ ತಟ್ಟೆಯ ಮೇಲೆ ಕೈ ಇಟ್ಟಾಗ ಆ ಮಾತುಗಳು ಬಂದು ಎದೆಗೆ ಕುಟ್ಟುತ್ತಿದ್ದವು. ಇನ್ನು ಮೇಲೆ ಹೀಗೆ ಅನ್ನಬಾರದು ಎಂದುಕೊಳ್ಳುತ್ತಿದ್ದೆ. ಮರುದಿನ ನೋಡಿದರೆ ಮತ್ತೆ ಅಂದಿರುತ್ತಿದ್ದೆ. ಇಷ್ಟು ಕೆಟ್ಟವಳು ನಾನು ಯಾವಾಗ ಆದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ.

“ಎಲ್ಲಾ ಬರ್ತೈತೇನು?” ಎಂದೆ.

“ಎಲ್ಲಾ” ಎಂದಳು. “ನೀ ಅಂದಿದ್ದು ಸುಳ್ಳೇನಲ್ಲ ಬಿಡು. ನಿನ್ನ ಜಾಗಾದಾಗ ನಾ ಇದ್ರೂ ಹಂಗ ಅಂತಿದ್ದೆ.”

ನಾನು ಅಲ್ಲೇ ರಸ್ತೆಯ ಮಗ್ಗುಲಿಗೆ ಕೂತುಬಿಟ್ಟೆ. ತಪ್ಪಾಯಿತು ಎಂದೆ, ಬಾಯಿ ಬಿದ್ದು ಹೋಗಲಿ ಎಂದೆ. ಅಕ್ಕ ತನ್ನ ಬಲಗೈಯಿಂದ ನನ್ನ ತಲೆ ಮುಟ್ಟಿ, “ಅಳಬ್ಯಾಡ ಚಂಪಿ. ನೀ ನನಗ ಬೈದ ಸಂಜಿನೂ ಸಂಜೀನ. ಏರಿ ಮ್ಯಾಲಿನ ಗಾಳಿ ಬರ್ತೈತಿ, ನೀರು ಕಾಣ್ತೈತಿ, ಕಾಲು ಎರಡೂ ಇರ್ತಾವ. ಅದೊಂದು ನನಗ ಬಿಡು. ಆ ಪಾಟಿ ಒರಸಬ್ಯಾಡ” ಎಂದಳು. ಲಕ್ವ ಹೊಡೆದಂದಿನಿಂದ ಅವಳು ನನ್ನಿಂದ ಏನನ್ನೂ ಬೇಡಿರಲಿಲ್ಲ. ನೀರು ಬೇಕಾದರೂ ಲೋಟ ನೋಡುತ್ತಿದ್ದಳೇ ಹೊರತು ಕೇಳುತ್ತಿರಲಿಲ್ಲ.

ಕಚೇರಿಗೆ ಬಂದು ತಿದ್ದುಪಡಿಯ ಹಾಳೆ ಮುಂದಿಟ್ಟುಕೊಂಡೆ. ಓದುತ್ತಿದ್ದೇನೆಂದು ತೋರಿಸಲು ಪೆನ್ಸಿಲು ಹಿಡಿದಿದ್ದೆ. ಪುಣ್ಯಕ್ಕೆ ಅದರಲ್ಲಿ ಒಂದು ತಪ್ಪು ಸಿಕ್ಕಿತು. ಅಡಿವೆಪ್ಪ ನಿನ್ನೆಯನ್ನು ಕೈಗೆ ಕೊಟ್ಟು ಅದು ತಲುಪಿತೇ ಎಂದು ನೋಡುವ ಮೊದಲೇ ಪಾಟಿ ಒರೆಸುತ್ತಿದ್ದ. ನಡುವೆ ಯಾರಾದರೂ ಸೀನಿ ಕೈ ಎತ್ತಿದರೆ ಅವರ ದಿನ ಅಲ್ಲೇ ಗುಳುಂ. ನಾನು ಕೆಂಪಗೆ ಬರೆದು ವಾಪಸು ಕಳಿಸಿದೆ. ತಪ್ಪು ನಿಜವಾದದ್ದೇ. ಆದರೆ ಅದು ಸಿಕ್ಕಾಗ ನನಗೆ ಆದ ಖುಷಿ ಒಳ್ಳೆಯ ಕೆಲಸಗಾರ್ತಿಯ ಖುಷಿಯಾಗಿರಲಿಲ್ಲ. ಅವನು ಎರಡು ದಿನದಲ್ಲಿ ತಿದ್ದಿ ತಂದ. ನಾನು ಸಾಲುಗಳ ನಡುವಿನ ಜಾಗ ಸರಿಯಿಲ್ಲ ಎಂದು ಮತ್ತೆ ಕಳಿಸಿದೆ. ಅದನ್ನೂ ಸರಿ ಮಾಡಿ ತಂದ. ಹೆಸರುಗಳು ಉದ್ದವಾದವು ಎಂದೆ.

“ಅಕ್ಕಾರ, ನಿಮಗ ಬ್ಯಾಡಾಗಿದ್ರ ಬ್ಯಾಡ ಅಂತ ಬರೀರಿ” ಎಂದ ಅಡಿವೆಪ್ಪ. “ಹೆಸರು ಉದ್ದ ಆತು ಅಂತ ಗಂಗೂಬಾಯಿಗೆ ಹೋಗಿ ಹೇಳಾಕ ನನ್ನ ಕೈಲೆ ಆಗೂದಿಲ್ಲ.”

ಹತ್ತನೆಯ ದಿನ ಗಂಗೂಬಾಯಿಯೇ ಬಂದಳು. ಅರ್ಜಿ ಎಲ್ಲಿಗೆ ಬಂತು ಎಂದು ಕೇಳಲು ಬಂದವಳು ನನ್ನ ಮೇಜಿನ ಮುಂದೆ ನಿಂತಳು. ಕೈಯಲ್ಲಿ ಹೊಲಿದು ಮುಗಿಸಿದ ರವಿಕೆಗಳ ಗಂಟು ಇತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ನಾಳೆ ನನ್ನ ಆಪರೇಷನ್ನಿನ ತಾರೀಖು ಹೇಳ್ತಾರ” ಎಂದಳು. “ಅದನ್ನರ ನಾನ ಹೇಳ್ತೀನಿ ಬಾಯಾರ, ನಮ್ಮ ಮನ್ಯಾಗ. ಯಾರಿಗೆ ಮೊದಲು ಹೇಳಬೇಕು, ಯಾರಿಗೆ ಆಮ್ಯಾಲೆ ಹೇಳಬೇಕು ಅಂತ ಎಣಿಸಿಟ್ಟೀನಿ. ಮಗಳಿಗೆ ಮೊದಲು ಹೇಳಬೇಕಂತೀನಿ. ಹೋದ ಸಲ ಆಕಿಗೆ ನೀರು ತುಂಬೋ ಹೆಂಗಸ್ರು ಹೇಳಿದ್ರು.”

ನಾನು ನೋಡುತ್ತೇನೆ ಎಂದೆ. ಏನು ನೋಡುವುದು? ಅವಳು ಹೋದ ಮೇಲೆ ಬಹಳ ಹೊತ್ತು ಕೂತಿದ್ದೆ. ಒಂದು ಕಡೆ ಅಕ್ಕನ ಸಂಜೆ, ಇನ್ನೊಂದು ಕಡೆ ಗಂಗೂಬಾಯಿಯ ಮಗಳು. ನಡುವೆ ‘ಯೋಚಿಸಿಯೇ ಬಿಟ್ಟದ್ದು’ ಎಂದು ಬರೆದಿಟ್ಟು ಸತ್ತುಹೋದ ಮಹಾರಾಯ. ಮರುದಿನ ಮಧ್ಯಾಹ್ನ ನಾನು ಸಹಿ ಹಾಕಿದೆ. ಗಂಗೂಬಾಯಿಗಾಗಿ ಹಾಕಿದೆನೋ, ಏರಿಯ ಮೇಲೆ ನಾನು ಇನ್ನು ಏನೇ ಅಂದರೂ ಅಕ್ಕನಿಗೆ ಕೇಳಿಸದಿರಲಿ ಎಂದು ಹಾಕಿದೆನೋ, ಇವತ್ತಿಗೂ ಹೇಳಲಾರೆ. ಎರಡೂ ಒಂದೇ ಸಹಿಯಲ್ಲಿ ಮುಗಿದವು. ಅಡಿವೆಪ್ಪ ಸಂಜೆಯೇ ಹೊಸ ಡ್ರೈವರನ್ನು ಯಂತ್ರಕ್ಕೆ ಹಾಕಿದ. ಆ ಹಳೆಯ ಟಿಪ್ಪಣಿಯನ್ನು ಅಳಿಸಲು ಅವನಿಗೂ ಮನಸ್ಸಾಗಲಿಲ್ಲ, ಹಾಗೆಯೇ ಬಿಟ್ಟ.

ಮರುದಿನ ಬೆಳಿಗ್ಗೆ ಎದ್ದಾಗ ಈ ಸಹಿಯ ವಿಷಯ ನನಗೆ ಗೊತ್ತಿರಲಿಲ್ಲ, ಹೇಗೆ ಗೊತ್ತಿರಬೇಕು? ಎಂದಿನಂತೆ ಕುತ್ತಿಗೆ ಹಿಡಿದಿತ್ತು. ಅಕ್ಕನನ್ನು ಕುರ್ಚಿಗೆ ಹಾಕಿಕೊಂಡು ಸಾಲಿಗೆ ಹೋದೆ. ತಿಪ್ಪಣ್ಣನವರು ಮುಂದೆ ನಿಂತು ಯಾರದೋ ಎಮ್ಮೆ ಪಂಚಾಯಿತಿ ಕಟ್ಟೆ ಹತ್ತಿದ ಕಥೆ ಹೇಳುತ್ತಿದ್ದರು. ಅವರ ಸರದಿ ಮುಗಿಯಿತು. ನಾನು ತಟ್ಟೆಯ ಮೇಲೆ ಕೈ ಇಟ್ಟೆ.

ನಿನ್ನೆ ಬಂತು. ಬೆಳಗಿನ ಸಾಲು, ಅಕ್ಕನ ಸ್ನಾನ, ಕಚೇರಿ, ಸಹಿ. ಆರಕ್ಕೆ ಮನೆಗೆ ಬಂದೆ. ಅಕ್ಕನನ್ನು ಎತ್ತಿ ಕೂರಿಸಿ ಗಂಜಿ ಕುಡಿಸಿದೆ, ಬಾಯಿ ಒರೆಸಿದೆ, ಬಟ್ಟೆ ಬದಲಾಯಿಸಿದೆ. ಒಂದು ಗಳಿಗೆ ಅವಳ ಕಾಲು ಒತ್ತಿ ಆಮೇಲೆ ಏರಿಗೆ ಹೋದರಾಯಿತು ಎಂದುಕೊಂಡು ನೆಲದ ಮೇಲೆ ಕೂತು ಮಂಚಕ್ಕೆ ತಲೆ ಆನಿಸಿದೆ. ಅವಳ ಪಾದ ನನ್ನ ಕೈಯಲ್ಲಿತ್ತು. ಅಲ್ಲಿಗೆ ಮುಗಿಯಿತು.

ನಾನು ಕೈ ತೆಗೆಯದೆ ನಿಂತೆ. ಇನ್ನೂ ಬರಬೇಕಾಗಿತ್ತು. ಕಲ್ಲು, ನೀರು, ಶೇಂಗಾ, ಆ ಹಾಳು ಮಾತುಗಳು. ಹಿಂದಿನವರು ಆಯಿತೇನ್ರೀ ಎಂದು ಕೂಗಿದರು. ಅಡಿವೆಪ್ಪ ಏನೋ ಕೆಡಿಸಿದ್ದಾನೆ ಎಂದು ಮೊದಲು ಅನ್ನಿಸಿತು. ಆದರೆ ಆ ನಲವತ್ತೇಳು ಸಾಲನ್ನು ಹನ್ನೊಂದು ದಿನ ಓದಿದವಳು ನಾನೇ. ಎಷ್ಟು ಬರೆದಿದೆಯೋ ಅಷ್ಟೇ ಬರುತ್ತದೆ. ಬರದಿದ್ದರೆ ಅದು ನನ್ನದಲ್ಲ. ಊರಲ್ಲಿ ಯಾರ ಯಾರ ದಿನ ಚಿಕ್ಕದೆಂದು ಕೂತು ಎಣಿಸಿದ್ದ ನಾನು, ನನ್ನ ದಿನವನ್ನು ಎಣಿಸಿಯೇ ಇರಲಿಲ್ಲ. ಮನೆಯಿಂದ ಏರಿಗೆ ನಡೆದು ಹೋದದ್ದು ನನಗೆ ಒಂದು ದಿನವೂ ನೆನಪಿರಲಿಲ್ಲ. ದಿನಾ ನಡೆಯುವ ದಾರಿಯನ್ನು ಯಾರು ನೆನಪಿಡುತ್ತಾರೆ ಎಂದು ಸುಮ್ಮನಿದ್ದೆ. ಕುತ್ತಿಗೆ ಹಿಡಿದರೆ ಏರಿಯ ಗಾಳಿ ಎಂದುಕೊಂಡಿದ್ದೆ.

ಅಕ್ಕ ತನ್ನ ಬಲಗೈ ಇಟ್ಟು ತೆಗೆದಳು. ಮುಖ ಸಣ್ಣದಾಯಿತು.

“ಹನ್ನೆರಡಕ್ಕ ಮುಗೀತು” ಎಂದಳು. “ಹಾಕಿದಿ ಹೌದಲ್ಲ ಸಹಿ?”

“ಹಾಕಿದೆ” ಎಂದೆ. “ಅಕ್ಕ, ನಂದೂ ಮುಗೀತು. ಆರೂವರಿಗೆ. ನಿನ್ನ ಕಾಲು ಒತ್ತಕೋತ ಅಲ್ಲೇ ಮಲಗೀನಿ. ನಾ ಏರಿಗೆ ಹೋಗೇ ಇಲ್ಲ.”

ಅಕ್ಕ ನನ್ನ ಮುಖ ನೋಡಿದಳು. ಅವಳ ತಲೆ ನನಗಿಂತ ಯಾವಾಗಲೂ ಚುರುಕು.

“ನಿನ್ನೆ ಒಂದ ದಿನ ಅಲ್ಲ ಅಂತಿ?”

“ಯಾವತ್ತೂ ಅಲ್ಲ ಅನಸ್ತೈತಿ.”

“ಹಂಗಾರ ನಾಕು ವರ್ಷ ಆ ಏರಿ ಮ್ಯಾಲೆ ಕುಂತು ಅತ್ತಾಂವ ಯಾರು?”

ಮುಂದೆ ನಿಂತವರು. ಇನ್ಯಾರು? ಅವರ ಸಂಜೆ ನನ್ನ ಸಣ್ಣ ದಿನದ ಕೆಳಗೆ ಉಳಿದು ಅಕ್ಕನಿಗೂ ಹೋಗುತ್ತಿತ್ತು. ತಿಪ್ಪಣ್ಣನವರು ಚಪ್ಪಲಿ ಮೆಟ್ಟಿಕೊಂಡು ಅದೇ ಎಮ್ಮೆಯ ಕಥೆಯನ್ನು ಇನ್ನೊಬ್ಬರಿಗೆ ಹೇಳುತ್ತ ಹೊರಟಿದ್ದರು. ನಾನು ಕುರ್ಚಿ ತಳ್ಳಿಕೊಂಡು ಅವರನ್ನು ಹಿಂಬಾಲಿಸಿದೆ. ಓಣಿಯ ತಿರುವಿನಲ್ಲಿ ಅವರು ಒಬ್ಬರೇ ಆದಾಗ ಕೂಗಿ ನಿಲ್ಲಿಸಿದೆ. ಏನು ಕೇಳಬೇಕೆಂದು ಯೋಚಿಸಿರಲಿಲ್ಲ.

“ನಿಮ್ಮ ಮನಿಯವರು ಹೆಂಗದಾರ್ರೀ?” ಎಂದೆ.

“ನಮ್ಮ ಮದಲಗಿತ್ತಿ ಏನು?” ಎಂದು ನಗಲು ಬಾಯಿ ತೆರೆದರು. ನನ್ನ ಮುಖದಲ್ಲಿ ಏನು ಕಂಡಿತೋ, ನಗಲಿಲ್ಲ. “ಹಾಸಿಗಿ ಹಿಡದು ಹನ್ನೊಂದು ವರ್ಷ ಆತು ತಂಗಿ. ಇಂಥಾ ನಿನ್ನೆ ತಗೊಂಡು ಏನ್ಮಾಡ್ಲಿ ಅಂತ ಆಕಿ ಆ ದಿನಾನ ಸಾಲು ಬಿಟ್ಟು ಬಿಟ್ಲು. ಆಕಿಗೆ ಇನ್ನೂ ಅದೇ ದಿನ. ದಿನಾ ಮುಂಜಾನೆ ಏಳಾಕ ನೋಡ್ತಾಳ, ಕಾಲು ಬರೂದಿಲ್ಲ. ನನಗೇನಾಗೇತಿ ಅಂತ ಕೇಳ್ತಾಳ. ದಿನಾ ಹೊಸದಾಗಿ ಹೇಳಬೇಕು. ದಿನಾ ಹೊಸದಾಗಿ ಅಳ್ತಾಳ.” ಅಷ್ಟು ಹೇಳಿ ಅವರು ಗೋಡೆಯ ಕಡೆ ನೋಡಿದರು.

ನಾಲ್ಕು ವರ್ಷ ನಾನು ಈ ಮನುಷ್ಯನ ಸಂಕಟವನ್ನು ನನ್ನ ಪಾಪವೆಂದು ಹೊತ್ತು ತಿರುಗಿದ್ದೆ. ಒಂದು ದಿನವೂ ಇವರ ಮನೆಯ ಬಾಗಿಲು ತಟ್ಟಿರಲಿಲ್ಲ.

“ಇವತ್ತ ಸಂಜಿಗೆ ಅಕ್ಕಗ ಗಂಜಿ ಕುಡಿಸಿ ನಾ ನಿಮ್ಮ ಮನಿಗೆ ಬರ್ತೀನಿ” ಎಂದೆ. “ನಿಮ್ಮ ಮನಿಯವರ ಹತ್ರ ಕುಂದರ್ತೀನಿ. ನೀವು ಏರಿ ಮ್ಯಾಲೆ ಅವಸರ ಮಾಡಬ್ಯಾಡ್ರಿ, ಸಾವಕಾಶ ಕುಂತು ಬರ್ರಿ.”

ತಿಪ್ಪಣ್ಣನವರು ತಟ್ಟನೆ ತಿರುಗಿದರು. “ನಾ ಏರಿಗೆ ಹೋಗೂದು ನಿಮಗ್ಯಾರು ಹೇಳಿದ್ರು? ಅಲ್ಲಿ ಒಂದು ನರಪಿಳ್ಳೆ ಇರೂದಿಲ್ಲ. ನಾ ಒಬ್ಬಾವ್ನೇ ಕುಂದರ್ತೀನಿ.”

ಯಂತ್ರ, ಬಫರು, ಪಾಟಿ, ಗಂಗೂಬಾಯಿಯ ಅರ್ಜಿ, ಎಲ್ಲಿಂದ ಶುರು ಮಾಡಬೇಕೆಂದು ನಾನು ತಡಕಾಡುತ್ತಿದ್ದೆ. ಅಷ್ಟರಲ್ಲಿ ಕುರ್ಚಿಯಿಂದ ಅಕ್ಕ ಅವರ ಅಂಗಿಯ ತುದಿ ಹಿಡಿದಳು.

“ಒಬ್ಬಾವ್ನೇ ಅಲ್ಲ ತಿಪ್ಪಣ್ಣ” ಎಂದಳು. “ನಾವಿಬ್ಬರೂ ಅಲ್ಲೇ ಇರ್ತಿದ್ವಿ.”